ಇಪೋದಲ್ಲಿ ಕರೆಯದೆ ಹೋದ ಮನೆ

ದುರ್ಗ

ಮಲೇಷ್ಯಾಕ್ಕೆ ಹೋಗಿ ಬಂದೆ ಎಂದ ಕೂಡಲೇ ನಮ್ಮ ಲ್ಯಾಬಿಗೆ ಬರುವವರೆಲ್ಲ ಎರಡೇ ಪ್ರಶ್ನೆ ಕೇಳುತ್ತಾರೆ. ಆ ಜೋಡಿ ಗೋಪುರದ ಮುಂದೆ ಫೋಟೋ ತೆಗೆಸಿಕೊಂಡೆಯಾ? ಊಟಕ್ಕೆ ಏನು ಮಾಡಿದೆ? ಫೋಟೋ ತೆಗೆಸಿಕೊಂಡೆ. ಅದರಲ್ಲಿ ಗೋಪುರದ ತುದಿ ಬಂದಿಲ್ಲ, ನನ್ನ ಚಪ್ಪಲಿ ಪೂರ್ತಿ ಬಂದಿದೆ. ಊಟದ ಸಂಗತಿ ಮಾತ್ರ ಒಬ್ಬರ ರಕ್ತ ತೆಗೆಯುವಷ್ಟು ಹೊತ್ತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ಮಂಜುಳ. ಹುಟ್ಟಿದ್ದು ಹಿರೇಗುಂಟನೂರು. ಅಪ್ಪ ಅಮ್ಮ ಅಲ್ಲೇ ಬೇರೆಯವರ ಹೊಲದ ಕೆಲಸಕ್ಕೆ ಹೋಗುತ್ತಾರೆ. ನಾನು ಚಿತ್ರದುರ್ಗದಲ್ಲಿ ಲ್ಯಾಬ್ ಟೆಕ್ನಿಷಿಯನ್. ಬಾಡಿಗೆ ರೂಮಿನಲ್ಲಿ ಎರಡು ಮಂಚ, ಇನ್ನೊಂದು ಮಂಚ ನಾಗವೇಣಿಯದು. ಅವಳು ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯವಳು, ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ರೂಮಿನಲ್ಲಿಯೂ ಹೇಳಿಕೊಡುತ್ತಾಳೆ, ನಾನು ಕೇಳದಿದ್ದರೂ.

ಮೂರನೆಯವಳು ಶಾಹೀನ್. ಡಿಗ್ರಿಯಲ್ಲಿ ನನ್ನ ಬೆಂಚಿನವಳು. ಅವರದು ತಲೆತಲಾಂತರದಿಂದ ದುರ್ಗದಲ್ಲಿರುವ ಬಳೆ ವ್ಯಾಪಾರದ ಮನೆ. ಊರಿನ ಅರ್ಧ ಮದುವಣಗಿತ್ತಿಯರಿಗೆ ಬಳೆ ತೊಡಿಸಿದವರು ಅವಳ ತಾಯಿ. ಭಾನುವಾರ ಬೆಳಿಗ್ಗೆ ಮೂವರೂ ಕೋಟೆ ಹತ್ತುತ್ತಿದ್ದೆವು, ಇಳಿದ ಮೇಲೆ ಮಂಡಕ್ಕಿ ಮೆಣಸಿನಕಾಯಿ ತಿಂದು, ಹತ್ತಿದ್ದರಿಂದ ಆದ ನಷ್ಟವನ್ನೆಲ್ಲ ತುಂಬಿಕೊಳ್ಳುತ್ತಿದ್ದೆವು. ಯಾರದೇ ಹುಟ್ಟುಹಬ್ಬ ಬಂದರೂ ಕೇಕಿನಲ್ಲಿ ಮುಕ್ಕಾಲು ಭಾಗ ನಾಗವೇಣಿಯ ಮುಖಕ್ಕೆ. ಯುಗಾದಿ ಹೋಳಿಗೆ ನನ್ನ ಊರಿನಿಂದ ಬಳೆ ಅಂಗಡಿಗೆ, ರಂಜಾನಿನ ಶಾವಿಗೆ ಪಾಯಸ ಬಳೆ ಅಂಗಡಿಯಿಂದ ರೂಮಿಗೆ. ಎಂಟು ವರ್ಷ ಹೀಗೇ ನಡೆಯಿತು.

ಆಮೇಲೆ ಶಾಹೀನಳ ಮದುವೆ ಗೊತ್ತಾಯಿತು. ಹುಡುಗ ಹೊಸದುರ್ಗದವನು, ನದೀಮ್, ಮಲೇಷ್ಯಾದ ಇಪೋ ಎಂಬ ಊರಿನ ಕಾರ್ಖಾನೆಯಲ್ಲಿ ಮೆಕ್ಯಾನಿಕ್. ಕಾರ್ಡು ಅಚ್ಚಾಗಿ ಬಂದವು. ನನ್ನ ಅಕ್ಷರ ದುಂಡಗಿದೆ ಎಂದು ಶಾಹೀನ್ ಕಾರ್ಡಿನ ಕಟ್ಟು ಹೊತ್ತುಕೊಂಡು ರೂಮಿಗೇ ಬಂದಳು. ಅವಳು ಹೆಸರು ಹೇಳುವುದು, ನಾನು ಬರೆಯುವುದು. ಎರಡು ಸಂಜೆ ಬರೆದೆ. ಲ್ಯಾಬಿನ ಡಾಕ್ಟರಿಗೆ ಬರೆದೆ, ಹೊಳಲ್ಕೆರೆಯ ಅವಳ ಚಿಕ್ಕಮ್ಮಂದಿರಿಗೆ ಬರೆದೆ, ನನ್ನ ಪಕ್ಕದ ಮಂಚದ ನಾಗವೇಣಿಗೂ ಬರೆದೆ. ಪ್ರತಿ ಸಲ ಹೊಸ ಕಾರ್ಡು ತೆಗೆದಾಗಲೂ ಇದು ನನ್ನದಿರಬಹುದು ಎಂದು ಪೆನ್ನು ಹಿಡಿದು ಕಾಯುತ್ತಿದ್ದೆ. ಕಟ್ಟು ಮುಗಿಯಿತು. ನನ್ನ ಹೆಸರು ಬರಲೇ ಇಲ್ಲ.

ಕಾರ್ಡು ಹೋಗಲಿ, ಬಾಯಲ್ಲಿ 'ಮದುವೆಗೆ ಬಾ' ಎಂಬ ಎರಡು ಪದವೂ ಬರಲಿಲ್ಲ. ನಾನೂ ಕೇಳಲಿಲ್ಲ. ಕೇಳಿ ಕರೆಸಿಕೊಂಡರೆ ಅದು ಕರೆಯೇ?

ಇದನ್ನು ಓದಿ ನಗುವವರಿಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ದೊಡ್ಡ ಮನೆಗಳವರು ಕೂಲಿಯವರನ್ನು ಮದುವೆಗೆ ಕರೆಯುತ್ತಿರಲಿಲ್ಲ. 'ನಾಳೆ ಮದ್ವೆ ಐತೆ, ಬೆಳಿಗ್ಗೇನೇ ಬಂದ್ಬಿಡು' ಎನ್ನುತ್ತಿದ್ದರು. ನೀರು ಹೊರಲು, ಎಂಜಲೆಲೆ ಎತ್ತಲು ಬಾ ಎಂದು ಅದರ ಅರ್ಥ. ಅಪ್ಪ ದಿನವಿಡೀ ಕೆಲಸ ಮಾಡಿ ಊಟಕ್ಕೆ ಕೂರದೆ ಮನೆಗೆ ಬರುತ್ತಿದ್ದ. ಯಾಕಪ್ಪ ಎಂದರೆ, 'ಕೆಲ್ಸಕ್ಕೆ ಕರ್ದಿದ್ರವ್ವ, ಊಟಕ್ಕೆ ಕರ್ದಿರ್ಲಿಲ್ಲ' ಎನ್ನುತ್ತಿದ್ದ. ಅಮ್ಮ ಮುದ್ದೆಗೆ ಎಸರಿಡುತ್ತಿದ್ದಳು. ಆ ಮನೆಯ ಮಗಳು ನಾನು. ಎರಡು ಸಂಜೆ ದುಡಿಸಿಕೊಂಡು ಕರೆಯದೆ ಬಿಟ್ಟರೆ ನನಗೆ ಏನನ್ನಿಸಬೇಕು?

ಮದುವೆಯ ದಿನ ಫೋನು ಆಫ್ ಮಾಡಿ ಬಸ್ಸು ಹತ್ತಿ ಹಾಲುರಾಮೇಶ್ವರದ ದೇವಸ್ಥಾನಕ್ಕೆ ಹೋದೆ. ಮೆಟ್ಟಿಲ ಮೇಲೆ ಸಂಜೆಯವರೆಗೂ ಕೂತಿದ್ದೆ. ಭಕ್ತಿಯಿಂದ ಅಲ್ಲ, ಸಿಟ್ಟಿನಿಂದ. ವಾರ ಕಳೆದು ಶಾಹೀನ್ ಇಪೋಗೆ ಹೋದಳು. ಎರಡು ವರ್ಷ ಅವಳೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ.

ಕೌಲಾಲಂಪುರ

ಈ ಬೇಸಿಗೆಯಲ್ಲಿ ನಾಗವೇಣಿ ಮಲೇಷ್ಯಾ ಪ್ರವಾಸದ ಮಾತೆತ್ತಿದಳು. ವೀಸಾದ ರಗಳೆ ಇಲ್ಲ, ಶಾಲೆಗೆ ರಜೆ, ಹೋಗಾಣ ಬಾ ಎಂದಳು. ಮಾತಿನ ನಡುವೆ, ಇಪೋ ಅಲ್ಲಿಂದ ಬರೀ ಎರಡೂವರೆ ಗಂಟೆ ರೈಲು ಎಂದೂ ಸೇರಿಸಿದಳು. ನಾನು ಇಪೋಗೆ ಬರುವುದಿಲ್ಲ ಎಂದು ಷರತ್ತು ಹಾಕಿ ಒಪ್ಪಿಕೊಂಡೆ. ಈಗ ನಿಜ ಹೇಳುತ್ತೇನೆ. ಅವಳು ನೇಪಾಳ ಎಂದಿದ್ದರೆ ನಾನು ರಜೆ ಹಾಕುತ್ತಿರಲಿಲ್ಲ.

ಹೊರಡುವ ಹಿಂದಿನ ದಿನ ಶಾಹೀನಳ ತಾಯಿ ರೂಮಿಗೆ ಬಂದು ಒಂದು ಬಟ್ಟೆಯ ಗಂಟು ಕೊಟ್ಟರು. ಶೇಂಗಾ ಚಟ್ನಿಪುಡಿ, ಮಸಾಲೆ ಖಾರದ ಪುಡಿ, ದಬ್ಬಣದಲ್ಲಿ ಸುತ್ತಲೂ ಹೊಲಿದಿದ್ದರು. ಕೊಟ್ಟಿದ್ದು ನಾಗವೇಣಿಯ ಕೈಗೆ, ನೋಡಿದ್ದು ನನ್ನ ಕಡೆ.

"ನೀನೂ ಹೋಗ್ತಿದೀಯೇನವ್ವ?"

"ಹೂಂ."

"ಒಳ್ಳೇದಾತು" ಎಂದು ಎದ್ದು ಹೋದರು. ಬೇರೇನೂ ಕೇಳಲಿಲ್ಲ. ನನಗೆ ಮುಖ ಎತ್ತಲಾಗಲಿಲ್ಲ.

ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಗಂಟನ್ನು ಬಿಚ್ಚಿಸಿದ. ಬಾಗಿ ಮೂಸಿ ನೋಡಿ, ಮೂರು ಸಲ ಸೀನಿ, ಕಣ್ಣು ಒರೆಸಿಕೊಳ್ಳುತ್ತ ಹೋಗಿ ಎಂದು ಕೈ ಬೀಸಿದ. ಬ್ಯಾಡಗಿ ಮೆಣಸಿನಕಾಯಿ ಎಲ್ಲಿ ಹೋದರೂ ತನ್ನ ಪರಿಚಯ ತಾನೇ ಹೇಳಿಕೊಳ್ಳುತ್ತದೆ.

ಆ ಊರಿನ ಜನರ ಕೆಲವು ಅಭ್ಯಾಸ ನಮಗೆ ಹೊಸದು. ದಾರಿ ಕೇಳಿದರೆ ಹೆಬ್ಬೆರಳಿನಿಂದ ತೋರಿಸುತ್ತಾರೆ. ತೋರುಬೆರಳು ಚಾಚುವುದು ಒರಟುತನವಂತೆ. ತೋರುಬೆರಳಿನ ಮೇಲೆಯೇ ಸಂಸಾರ ನಡೆಸುವ ನಾಗವೇಣಿಗೆ ಇದು ಕಷ್ಟವಾಯಿತು. ಎರಡನೆಯ ದಿನದಿಂದ ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡೇ ಓಡಾಡಿದಳು. ಚಹಾ ಪಾರ್ಸೆಲ್ ಕೇಳಿದರೆ ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ದಾರ ಕಟ್ಟಿ, ಒಳಗೊಂದು ಕೊಳವೆ ಸಿಕ್ಕಿಸಿ ಕೊಡುತ್ತಾರೆ. ನಮ್ಮ ಹೋಟೆಲಿನ ಸಾಂಬಾರಿನ ಪಾರ್ಸೆಲ್ಲೇ. ನಾಗವೇಣಿ ಅದನ್ನು ಬೆರಳಿಗೆ ತೂಗುಹಾಕಿಕೊಂಡು ಹೋಗುತ್ತಿದ್ದರೆ ಯಾರೋ ಯೂರಿನ್ ಸ್ಯಾಂಪಲ್ ಕೊಡಲು ಹೊರಟ ಹಾಗೆ ನನಗೆ ಕಾಣುತ್ತಿತ್ತು. ವೃತ್ತಿದೋಷ.

ಒಂದು ಮಾತ್ರ ಪೂರ್ತಿ ನಮ್ಮದೇ. ನಾವಿದ್ದ ವಸತಿಗೃಹದ ಯಜಮಾನಿ ಕಂಡಾಗಲೆಲ್ಲ ಊಟ ಆಯಿತಾ ಎಂದು ಕೇಳುತ್ತಿದ್ದಳು. ನಾನು ನಮ್ಮ ಪದ್ಧತಿಯಂತೆ, ಹೊಟ್ಟೆ ಚುರುಗುಟ್ಟುತ್ತಿದ್ದರೂ, ಆಯಿತು ಎಂದೆ. ನಾಗವೇಣಿ ಲೆಕ್ಕದ ಮೇಷ್ಟ್ರು, ಇಲ್ಲ ಎಂದು ಸತ್ಯ ಹೇಳಿದಳು. ಹತ್ತು ನಿಮಿಷಕ್ಕೆ ಅವಳ ಮುಂದೆ ಬಿಸಿ ನೂಡಲ್ಸ್ ಬಂದು ಕೂತಿತು. ನಾನು ಆಯಿತು ಎಂದವಳು, ನೋಡುತ್ತ ಕೂತೆ. ಮಾರನೆಯ ದಿನವೂ ನನ್ನ ಬಾಯಿಂದ ಆಯಿತು ಎಂದೇ ಬಂತು. ಹುಟ್ಟುಗುಣ.

ಮೂರನೆಯ ದಿನ ಗುಹೆಯ ದೇವಸ್ಥಾನಕ್ಕೆ ಹೋದೆವು. ಬಣ್ಣ ಬಳಿದ ನೂರಾರು ಮೆಟ್ಟಿಲು, ಮೆಟ್ಟಿಲ ತುಂಬ ಕೋತಿ. ದುರ್ಗದವರಿಗೆ ಮೆಟ್ಟಿಲೂ ಹೊಸದಲ್ಲ, ಕೋತಿಯೂ ಹೊಸದಲ್ಲ. ನಾಗವೇಣಿ ಹತ್ತುವಾಗ ಅದನ್ನೇ ಜಂಬದಿಂದ ಹೇಳಿದಳು. ಇಳಿಯುವಾಗ ಫೋನು ನೋಡುತ್ತ ಕೊನೆಯ ನಾಲ್ಕು ಮೆಟ್ಟಿಲನ್ನು ಒಂದೇ ಎಂದು ಲೆಕ್ಕ ಹಾಕಿದಳು. ಪಾದ ಕುಂಬಳಕಾಯಿಯಂತೆ ಊದಿತು. ಡಾಕ್ಟರು ಮೂಳೆ ಮುರಿದಿಲ್ಲ, ಎರಡು ದಿನ ಕಾಲು ನೆಲಕ್ಕೆ ಊರಬಾರದು ಎಂದರು. ನಮಗೆ ಉಳಿದಿದ್ದೇ ಎರಡು ದಿನ. ನಾಗವೇಣಿ ಮಾರನೆಯ ದಿನ ಇಪೋಗೆ ಒಯ್ಯಬೇಕಿದ್ದ ಗಂಟು ಮೂಲೆಯಲ್ಲಿ ಕೂತಿತ್ತು.

"ನಾಳೆ ನೀನೇ ಹೋಗ್ಬೇಕು" ಎಂದಳು ನಾಗವೇಣಿ, ಮಂಚದಿಂದಲೇ.

"ಕೊರಿಯರ್ ಮಾಡಾಣ."

"ಲೇ, ತಾಯಿ ಕೂತು ಹೊಲಿದಿರೋ ಗಂಟು ಕೊರಿಯರ್ ಮಾಡ್ತೀಯಾ? ಊರಿಗೆ ಹೋದ್ಮೇಲೆ ಬಳೆ ಅಂಗ್ಡಿ ಮುಂದೆ ಯಾವ ಮುಖ ಹೊತ್ಕಂಡು ಓಡಾಡ್ತೀಯ?"

"ಕರೀದೇ ಇರೋ ಮನೆಗೆ ನಾನು ಹೋಗಲ್ಲ."

"ನಾನೇ ಫೋನ್ ಮಾಡಿ ಕರೆಸ್ಲಾ?"

"ಬೇಡ. ನೀನು ಹೇಳಿ, ಅವಳು ಕರ್ದು, ನಾನು ಹೋದ್ರೆ ಅದು ಭಿಕ್ಷೆ ಬೇಡಿದಂಗೆ."

ನಾಗವೇಣಿ ಊದಿದ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟುಕೊಂಡು ನನ್ನನ್ನೇ ನೋಡಿದಳು. "ಅವಳು ಕರೀದೆ ತಪ್ಪು ಮಾಡಿದ್ಲು. ನೀನು ಹೋಗ್ದೆ ತಪ್ಪು ಮಾಡ್ದೆ. ಎರಡೂ ಮೈನಸ್ಸು. ಗುಣಿಸಿದ್ರೆ ಪ್ಲಸ್ಸೇ ಬರೋದು. ಹೋಗಿ ಗಂಟು ಕೊಟ್ಟು ಬಾ. ಒಳಗೆ ಕೂರೋದು ಬಿಡೋದು ನಿನಗೆ ಬಿಟ್ಟಿದ್ದು."

ಬಾಗಿಲಲ್ಲೇ ಗಂಟು ಕೊಟ್ಟು ತಿರುಗಿ ಬರುವುದು ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಆದರೆ ಅವಳು ಬಾಗಿಲಲ್ಲೇ ಗಂಟು ತೆಗೆದುಕೊಂಡು ಕದ ಹಾಕಿದರೆ? ಹಾಗಾದರೆ ಎಂಟು ವರ್ಷ ಅಲ್ಲಿಗೆ ಮುಗಿಯಿತು. ಆ ಯೋಚನೆಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ.

ರೈಲು

ಆ ರೈಲಿನ ಎ.ಸಿ. ಮಾತ್ರ ನಾನು ಮರೆಯುವುದಿಲ್ಲ. ಹೊರಗೆ ಇಡ್ಲಿ ಪಾತ್ರೆಯ ಒಳಗಿನಂಥ ಬೆವರು, ಒಳಗೆ ನಮ್ಮ ಲ್ಯಾಬಿನ ಫ್ರಿಜ್ಜು. ಊರಿನವರೆಲ್ಲ ಜಾಕೆಟ್ ತಂದಿದ್ದರು. ನಾನು ಗಂಟನ್ನು ಎದೆಗೆ ಅವುಚಿಕೊಂಡು ಕೂತೆ. ಪಕ್ಕದಲ್ಲಿದ್ದ ಹೆಂಗಸು ಮೂಗರಳಿಸಿ, ಇದು ಕಡಲೆಕಾಯಿ ಪುಡಿಯಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವರು ಅಲ್ಲೇ ಹುಟ್ಟಿ ಬೆಳೆದ ತಮಿಳರು, ನಿವೃತ್ತ ನರ್ಸ್. ರಕ್ತದ ಕೆಲಸದವರು ಇಬ್ಬರು ಸಿಕ್ಕಿದರೆ ಮಾತಿಗೆ ಬರವಿಲ್ಲ.

ಎಲ್ಲಿಗೆ ಎಂದು ಕೇಳಿದರು. ಹಳೆಯ ಗೆಳತಿಯ ಮನೆಗೆ, ಆದರೆ ಅವಳು ಕರೆದಿಲ್ಲ ಎಂದೆ. ಪರದೇಶದಲ್ಲಿ ಗುರುತಿಲ್ಲದವರ ಮುಂದೆ ಇಂಥದ್ದೆಲ್ಲ ಬಾಯಿಗೆ ಸಲೀಸಾಗಿ ಬರುತ್ತದೆ. ಅವರಿಗೆ ನನ್ನ ತೊಡಕು ಅರ್ಥವಾಗಲಿಲ್ಲ. ಗೆಳತಿ ಮುಸ್ಲಿಮಳು ಎಂದು ತಿಳಿದ ಮೇಲಂತೂ ನಕ್ಕೇಬಿಟ್ಟರು. ರಂಜಾನ್ ಹಬ್ಬ ಮುಗಿದ ತಿಂಗಳಿಡೀ ಇಲ್ಲಿ ಮನೆಮನೆಯಲ್ಲಿ ಸರದಿಯ ಮೇಲೆ ಬಾಗಿಲು ತೆರೆದಿಡುತ್ತಾರೆ, ಈಗ ಅದೇ ತಿಂಗಳು, ಯಾರು ಬೇಕಾದರೂ ಹೋಗಿ ಉಂಡು ಬರಬಹುದು, ದೀಪಾವಳಿಗೆ ನಮ್ಮ ಮನೆಗೂ ಹಾಗೇ ಬರುತ್ತಾರೆ ಎಂದರು. "ಕರೆಯುವುದು ಯಾಕೆ? ಬಾಗಿಲು ತೆರೆದಿದೆಯಲ್ಲ, ಅದೇ ಕರೆ" ಎಂಬುದು ಅವರ ವಾದ. ನನಗೆ ಒಪ್ಪಿಗೆಯಾಗಲಿಲ್ಲ. ಬಾಗಿಲು ತೆರೆದಿದೆ ಎಂದು ನುಗ್ಗುವುದಾದರೆ ನಮಗೂ ದನಗಳಿಗೂ ಏನು ವ್ಯತ್ಯಾಸ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಇಪೋ, ಮೊದಲ ಮನೆ

ಇಪೋ ಕಂಡ ಕೂಡಲೇ ಇಷ್ಟವಾಯಿತು. ಊರಿನ ಸುತ್ತ ಒಂಟಿ ಒಂಟಿ ಕಲ್ಲುಗುಡ್ಡ. ದುರ್ಗದ ಬೋಳು ಬಂಡೆಗಳಿಗೆ ಯಾರೋ ಎಣ್ಣೆ ಹಚ್ಚಿ ಕೂದಲು ಬೆಳೆಸಿದ ಹಾಗಿತ್ತು. ಟ್ಯಾಕ್ಸಿಯವನು ಒಂದು ಬಡಾವಣೆಯಲ್ಲಿ ಇಳಿಸಿ, ಹೆಬ್ಬೆರಳಿನಿಂದ ದಾರಿ ತೋರಿಸಿ ಹೋದ. ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು, ಎಲ್ಲವೂ ಒಂದೇ ಅಚ್ಚು. ಹದಿನಾಲ್ಕನೆಯ ನಂಬರಿನ ಮನೆ ಸಿಕ್ಕಿತು. ಗೇಟು ತೆರೆದಿತ್ತು. ಬಾಗಿಲಲ್ಲಿ ಐವತ್ತು ಜೊತೆ ಚಪ್ಪಲಿ. ಒಳಗಿನಿಂದ ನಗು, ಮಸಾಲೆಯ ವಾಸನೆ.

ನಾನು ಗೇಟಿನ ಹೊರಗೆ ನಿಂತೆ. ನಮ್ಮ ಕಡೆ ಹೀಗೆ ನಿಲ್ಲುವುದಕ್ಕೂ ಒಂದು ಕ್ರಮ ಉಂಟು. ಒಳಗೆ ಇಣುಕಬಾರದು, ಪೂರ್ತಿ ಬೆನ್ನು ಮಾಡಲೂಬಾರದು. ಪಕ್ಕಕ್ಕೆ ತಿರುಗಿ ನಿಂತು ಸಣ್ಣಗೆ ಕೆಮ್ಮಬೇಕು. ಒಳಗಿನವರು ನೋಡಿ 'ಬರ್ರಿ, ಅಲ್ಲ್ಯಾಕೆ ನಿಂತಿದೀರಿ' ಅನ್ನಬೇಕು. ನಾನು ಮೂರು ಸಲ ಕೆಮ್ಮಿದೆ. ಹೊಸ ಬಟ್ಟೆ ತೊಟ್ಟ ಜನ ನನ್ನ ಪಕ್ಕದಲ್ಲೇ ಒಳಗೆ ಹೋಗುತ್ತಿದ್ದರು, ಹೊರಗೆ ಬರುತ್ತಿದ್ದರು. ಯಾರೂ ಕರೆಯಲಿಲ್ಲ. ನಾಲ್ಕನೆಯ ಸಲ ಕೆಮ್ಮುವ ಹೊತ್ತಿಗೆ ಒಬ್ಬ ಅಜ್ಜಿ ಬಂದರು. ಗಿಡ್ಡನೆಯ ಆಳು, ಗಿಳಿಹಸಿರು ಬಟ್ಟೆ. ನನ್ನ ಕೆಮ್ಮು ಕೇಳಿ ಹುಷಾರಿಲ್ಲ ಎಂದುಕೊಂಡರೇನೋ, ಕೈಹಿಡಿದು ಎಳೆದುಕೊಂಡೇ ಹೋಗಿ ಫ್ಯಾನಿನ ಕೆಳಗೆ ಕೂರಿಸಿದರು. ಕೈಗೊಂದು ಲೋಟ ಗುಲಾಬಿ ಬಣ್ಣದ ಶರಬತ್ತು ಬಂತು, ತೊಡೆಯ ಮೇಲೊಂದು ತಟ್ಟೆ ಬಂತು.

ಅಡುಗೆಮನೆಗೆ ಒಂದು ಪರದೆ ಇತ್ತು, ಅದರ ಹಿಂದೆ ಪಾತ್ರೆಯ ಸದ್ದು. ಶಾಹೀನ್ ಅಲ್ಲೇ ಇದ್ದಾಳೆ, ಈಗ ಹೊರಗೆ ಬರುತ್ತಾಳೆ ಎಂದು ಪರದೆಯನ್ನೇ ನೋಡುತ್ತಿದ್ದೆ. ಬಂದರೆ ಮೊದಲು ಏನು ಹೇಳಬೇಕು? ಅಮ್ಮ ಕೊಟ್ಟು ಕಳಿಸಿದ್ದಾರೆ ಎನ್ನಬೇಕೋ, ಹೇಗಿದ್ದೀಯ ಎನ್ನಬೇಕೋ. ಆ ಗಡಿಬಿಡಿಯಲ್ಲಿ ತಟ್ಟೆಯಲ್ಲಿದ್ದ, ತೆಂಗಿನ ಗರಿಯಲ್ಲಿ ಹೆಣೆದ ಪುಟ್ಟ ಪೊಟ್ಟಣವನ್ನು ಗರಿಯ ಸಮೇತ ಕಚ್ಚಿದೆ. ಸುತ್ತಲಿನ ಮಕ್ಕಳು ಬಿದ್ದು ಬಿದ್ದು ನಕ್ಕರು. ಅಜ್ಜಿ ಅದನ್ನು ಬಿಡಿಸಿ ಒಳಗಿನ ಅನ್ನದ ಗಟ್ಟಿ ತೆಗೆದು ಕೊಟ್ಟರು. ಯಾವ ದೇಶ ಎಂದು ಹರುಕುಮುರುಕು ಇಂಗ್ಲಿಷಿನಲ್ಲಿ ಕೇಳಿದರು. ಇಂಡಿಯಾ ಎಂದೆ. ಕುತ್ತಿಗೆಯಲ್ಲಿದ್ದ ಗಣೇಶನ ಪದಕ ನೋಡಿದರೋ ಏನೋ, ತಟ್ಟೆಯಲ್ಲಿದ್ದ ದನದ ಮಾಂಸದ ಬಟ್ಟಲನ್ನು ಒಂದು ಮಾತೂ ಆಡದೆ ಎತ್ತಿ, ಕೋಳಿಯದನ್ನು ತಂದಿಟ್ಟರು.

ಪರದೆ ಸರಿಯಿತು. ಹೊರಗೆ ಬಂದವಳು ಶಾಹೀನ್ ಅಲ್ಲ, ಯಾರೋ ಮಲಯ್ ಹೆಂಗಸು. ಅವಳ ಹಿಂದೆ ಇನ್ನೊಬ್ಬಳು, ಅವಳೂ ಅಲ್ಲ. ನಾನು ನಾಗವೇಣಿ ಬರೆದುಕೊಟ್ಟಿದ್ದ ವಿಳಾಸದ ಚೀಟಿ ತೆಗೆದು ಅಜ್ಜಿಗೆ ತೋರಿಸಿದೆ. ನಂಬರು ಸರಿ, ಓಣಿ ಬೇರೆ. ಅರ್ಧ ಗಂಟೆಯಿಂದ ನಾನು ಯಾರದೋ ಮನೆಯಲ್ಲಿ ಕೂತು ಉಣ್ಣುತ್ತಿದ್ದೆ, ಇಷ್ಟು ಹೊತ್ತಾದರೂ ಯಾರೊಬ್ಬರೂ ನೀನು ಯಾರು ಎಂದು ಕೇಳಿರಲಿಲ್ಲ.

ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕ್ಷಮಿಸಿ ಎಂದು ಎದ್ದೆ. ಅಜ್ಜಿ ನಕ್ಕು ಮತ್ತೆ ಕೂರಿಸಿದರು. ತಟ್ಟೆ ಖಾಲಿಯಾಗುವವರೆಗೂ ಬಿಡಲಿಲ್ಲ. ಅವರ ಹೆಸರು ರೋಕಿಯಾ. ಶಾಹೀನಳ ಹೆಸರು ಕೇಳಿ, ಓ ಕೈತುಂಬ ಬಳೆಯ ಹುಡುಗಿ, ಇವತ್ತು ಅವಳ ಮನೆಯಲ್ಲೂ ಬಾಗಿಲು ತೆರೆದಿದೆ, ನಾನೂ ಹೋಗಬೇಕು, ನಡಿ ಎಂದು ಕೊಡೆ ಹಿಡಿದು ಹೊರಟೇಬಿಟ್ಟರು.

ಎರಡನೆಯ ಮನೆ

ಎರಡು ಓಣಿ ದಾಟುವಷ್ಟರಲ್ಲಿ ಅಜ್ಜಿ ಹತ್ತು ಮನೆಯವರನ್ನು ಮಾತಾಡಿಸಿದರು. ನಾನು ಗಂಟು ಹಿಡಿದು ಹಿಂದೆ ಹಿಂದೆ ನಡೆದೆ. ಈ ಸಲ ಗೇಟಿನಲ್ಲಿ ಕೆಮ್ಮಲು ಅವಕಾಶವೇ ಸಿಗಲಿಲ್ಲ. ಅಜ್ಜಿ ಕೈ ಬಿಡದೆ ನೇರ ಒಳಗೆ ನಡೆದರು.

ಶಾಹೀನ್ ಬಾಗಿಲಲ್ಲೇ ಇದ್ದಳು. ಸ್ವಲ್ಪ ದಪ್ಪಗಾಗಿದ್ದಳು. ಅಜ್ಜಿಯ ಕೈಮುಟ್ಟಿ ನಮಸ್ಕರಿಸಿ ತಲೆಯೆತ್ತಿದಾಗ ನನ್ನನ್ನು ಕಂಡಳು. ಅವಳ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ. ಸಿಟ್ಟೂ ಕಾಣಲಿಲ್ಲ.

"ಬರ್ರಿ" ಎಂದಳು. "ಒಳಗ್ ಬರ್ರಿ. ಕುಂತ್ಕಳ್ರಿ."

ನಾನು ಕೂತೆ. ಗಂಟು ಕೊಟ್ಟೆ. ಎರಡೂ ಕೈಯಿಂದ ತೆಗೆದುಕೊಂಡು ಥ್ಯಾಂಕ್ಸ್ ಎಂದಳು. ಗಂಡ ನದೀಮ್ ಬಂದು, ಪ್ರಯಾಣ ಆರಾಮಾಯ್ತಾ ಎಂದು ಕೇಳಿ, ಬೇರೆ ಅತಿಥಿಗಳ ಕಡೆ ಹೋದ. ಶಾಹೀನ್ ಒಂದು ಟ್ರೇ ತಂದಳು. ಟ್ರೇಯಲ್ಲಿ ಗಾಜಿನ ಲೋಟ, ಲೋಟದ ಕೆಳಗೆ ಸಾಸರು, ಪಕ್ಕದಲ್ಲಿ ಮಡಿಸಿದ ಟಿಶ್ಯೂ. ಎಂಟು ವರ್ಷದಲ್ಲಿ ಅವಳು ನನಗೆ ಸಾಸರಿನಲ್ಲಿ ಏನನ್ನೂ ಕೊಟ್ಟಿರಲಿಲ್ಲ. ನಾವು ಒಂದೇ ಬಾಟಲಿಗೆ ಬಾಯಿಟ್ಟು ನೀರು ಕುಡಿದವರು.

ಇಷ್ಟೂ ವರ್ಷ ನಾನು ಬಯಸಿದ ಮರ್ಯಾದೆ ಅದೇ. ಬನ್ನಿ ಎಂದಳು, ಕೂರಿ ಎಂದಳು, ಕೈಗೆ ಕೊಟ್ಟಳು. ಅದು ಸಿಕ್ಕ ಮೇಲೆ ಅಲ್ಲಿ ಕೂರಲು ನನ್ನಿಂದ ಆಗಲಿಲ್ಲ. ಎಷ್ಟು ಸಂಕಟವಾಯಿತೆಂದರೆ, ಅವಳು ಬೈದು ಬಾಗಿಲು ಹಾಕಿದ್ದರೇ ಚೆನ್ನಾಗಿತ್ತು.

ಜನ ಬರುತ್ತಲೇ ಇದ್ದರು. ಮನೆಯಲ್ಲಿ ಇದ್ದ ಕೈ ಎರಡೇ ಜೊತೆ, ಗಂಡ ಹೆಂಡತಿಯದು. ಅಡುಗೆಮನೆಯ ಸಿಂಕಿನಲ್ಲಿ ತಟ್ಟೆಗಳು ಬೆಟ್ಟವಾಗಿದ್ದವು. ನಾನು ಲೋಟ ಹಿಡಿದು ಎದ್ದೆ, ಯಾರನ್ನೂ ಕೇಳದೆ ಒಳಗೆ ಹೋದೆ, ಚೂಡಿದಾರದ ತೋಳು ಮಡಿಸಿ ನಲ್ಲಿ ತಿರುಗಿಸಿದೆ.

ಹಿಂದೆಯೇ ಶಾಹೀನ್ ಬಂದಳು. "ಬಿಡ್ರಿ. ನೀವು ಗೆಸ್ಟು."

"ಕರೀದೆ ಬಂದೋಳು ಗೆಸ್ಟ್ ಹೆಂಗಾಗ್ತೀನಿ?" ಎಂದೆ, ತಟ್ಟೆ ಉಜ್ಜುತ್ತ.

ಅಷ್ಟೇ ಸಾಕಾಯಿತು. ಅವಳು ಕೈಯಲ್ಲಿದ್ದ ಸೌಟನ್ನು ಕಟ್ಟೆಯ ಮೇಲೆ ಕುಕ್ಕಿದಳು.

"ಕರೀಬೇಕಾ ನಿನ್ನ? ಲೇ, ಕಾರ್ಡ್ ಮೇಲೆ ಹೆಸ್ರು ಬರ್ದೋಳಿಗೆ ಯಾರಾದ್ರೂ ಕಾರ್ಡ್ ಕೊಡ್ತಾರೇನೆ? ನಮ್ಮ ಅಣ್ಣಂಗೆ ಕೊಟ್ನಾ? ನಮ್ಮ ಅಮ್ಮೀಗೆ ಕೊಟ್ನಾ? ಮನೆಯೋಳ್ನ ಕರೀತಾರಾ ಯಾರಾದ್ರೂ?"

"ಒಂದ್ ಮಾತು ಬಾ ಅಂದಿದ್ರೆ ನಿನ್ ಗಂಟೇನು ಹೋಗ್ತಿತ್ತು?"

"ಅನ್ನಬೇಕಂತ ಹೊಳೀಲೇ ಇಲ್ಲ ಕಣೇ! ನಿನಗೆ ಹೇಳ್ಬೇಕಂತ ಹೊಳೆದಿದ್ರೆ ನೀನು ನನಗೆ ಹೊರಗಿನೋಳು ಅಂತಾಗ್ತಿರ್ಲಿಲ್ವಾ?" ಅವಳು ಬಳೆ ತುಂಬಿದ ಎಡಗೈಯನ್ನು ನನ್ನ ಮುಂದೆ ಚಾಚಿದಳು. "ಅವತ್ತು ಅಮ್ಮಿ ನನ್ನ ಎಡಗೈಗೆ ಬಳೆ ತೊಡ್ಸಿ, ಬಲಗೈ ಹಂಗೇ ಬಿಟ್ಟು ಕುಂತಿದ್ರು. ಮಂಜಿ ಬರ್ಲಿ, ಬಲಗೈ ಅವ್ಳು ಹಿಡ್ಕಳ್ಲಿ ಅಂತ. ಹೆಂಗಸ್ರೆಲ್ಲ ಕಾದ್ರು. ನಿನ್ನ ಫೋನ್ ಆಫ್. ಸತ್ತಿದೀಯೋ ಬದುಕಿದೀಯೋ ಗೊತ್ತಿಲ್ಲ. ಕೊನೀಗೆ ನಾಗವೇಣಿ ಹಿಡ್ಕಂಡ್ಲು."

ಇದನ್ನು ನಾಗವೇಣಿ ನನಗೆ ಹೇಳಿರಲಿಲ್ಲ. ಹೇಳಿದ್ದರೂ ಆಗ ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ನಾನು ತಟ್ಟೆ ಕೆಳಗಿಟ್ಟೆ. ಅಪ್ಪನ ವಿಷಯ ಹೇಳಿದೆ. ಕೆಲಸಕ್ಕೆ ಕರೆದು ಊಟಕ್ಕೆ ಕರೆಯದ ಮನೆಗಳ ವಿಷಯ, ಬೆಳಿಗ್ಗೆಯಿಂದ ಹಸಿದು ಮನೆಗೆ ಬಂದು ಮುದ್ದೆ ನುಂಗುತ್ತಿದ್ದ ಅಪ್ಪನ ವಿಷಯ. ಎಂಟು ವರ್ಷ ಒಂದೇ ಬೆಂಚು, ಒಂದೇ ಬಾಟಲಿ ಎನ್ನುತ್ತೇನೆ, ಇದನ್ನು ಮಾತ್ರ ನಾನು ಅವಳಿಗೆ ಎಂದೂ ಹೇಳಿರಲಿಲ್ಲ. ನಾಚಿಕೆ. "ಕಾರ್ಡ್ ಬರೆಸ್ಕಂಡು ಕರೀದೆ ಬಿಟ್ಯಲ್ಲ, ನಾನೂ ನಿನಗೆ ಕೆಲ್ಸದೋಳು ಅಷ್ಟೇ ಅನ್ಕಂಡೆ" ಎಂದೆ.

ನಲ್ಲಿಯ ನೀರು ಸುರಿಯುತ್ತಲೇ ಇತ್ತು, ಶಾಹೀನ್ ಅದನ್ನು ನಿಲ್ಲಿಸಿದಳು.

"ಮೊದ್ಲೇ ಹೇಳ್ಬಾರ್ದಿತ್ತೇನೆ?" ಎಂದಳು, ದನಿ ತಗ್ಗಿಸಿ. ಆಮೇಲೆ, "ನೀನು ಕೌಲಾಲಂಪುರಕ್ಕೆ ಬಂದಿರೋದು ನನಗೆ ಗೊತ್ತಿತ್ತು. ಅಮ್ಮಿ ಫೋನ್ ಮಾಡಿ, ಒಂದ್ ಮಾತು ಕರಿಯವ್ವ ಅವ್ಳನ್ನ ಅಂದ್ರು. ಕರೀಲಿಲ್ಲ ನಾನು. ಈ ಸಲ ಕರೀದೆ ಬರ್ತಾಳೋ ಇಲ್ವೋ ನೋಡಾಣ ಅಂತ ಮೂರು ದಿನದಿಂದ ಬಾಗ್ಲು ಕಾಯ್ತಿದೀನಿ."

"ಬರದೇ ಇದ್ದಿದ್ರೆ?"

"ಸಾಯೋವರ್ಗೂ ಮಾತಾಡ್ತಿರ್ಲಿಲ್ಲ."

ಹೇಳಿದ ರೀತಿ ನೋಡಿದರೆ ಸುಳ್ಳಾಗಿರಲಿಲ್ಲ. ನಾಗವೇಣಿ ಕೊನೆಯ ನಾಲ್ಕು ಮೆಟ್ಟಿಲನ್ನು ಸರಿಯಾಗಿ ಇಳಿದಿದ್ದರೆ ಈ ಗೆಳೆತನ ಅಲ್ಲಿಗೆ ತೀರಿಹೋಗುತ್ತಿತ್ತು. ನಾನು ಅತ್ತೆ. ಅವಳೂ ಅತ್ತಳು. ಅಳುತ್ತಲೇ, ಕತ್ತೆ, ಕೋಣ, ಕೊಬ್ಬು ಜಾಸ್ತಿ ನಿನಗೆ ಎಂದು ದುರ್ಗದಲ್ಲಿ ಸಿಗುವ ಬೈಗುಳವನ್ನೆಲ್ಲ ಬೈದಳು. ನಾನೂ ಸಾಧ್ಯವಾದಷ್ಟು ತಿರುಗಿಸಿ ಬೈದೆ. ಬಾಗಿಲಲ್ಲಿ ಹಾದುಹೋಗುವ ಅತಿಥಿಗಳಿಗೆ ಕನ್ನಡ ತಿಳಿಯದು. ಮುಗುಳ್ನಕ್ಕು ಹೋಗುತ್ತಿದ್ದರು.

ಆಗ ರೋಕಿಯಾ ಅಜ್ಜಿ ಖಾಲಿ ತಟ್ಟೆ ಇಡಲು ಒಳಗೆ ಬಂದರು. ಇಬ್ಬರ ಕಣ್ಣು ಮೂಗು ಕೆಂಪಗಾಗಿರುವುದನ್ನು ನೋಡಿ ಗಾಬರಿಯಾದರು. ಏನಾಯಿತು ಎಂದು ಶಾಹೀನಳನ್ನು ಕೇಳಿದರು. ಶಾಹೀನ್ ದುಪಟ್ಟಾದಿಂದ ಮೂಗು ಒರೆಸಿಕೊಂಡು ಅವರ ಭಾಷೆಯಲ್ಲಿ ಏನೋ ಹೇಳಿದಳು. ಆಮೇಲೆ ನನಗಾಗಿ ಅದನ್ನೇ ಕನ್ನಡದಲ್ಲಿ ಹೇಳಿದಳು.

"ನನ್ನ ಮದ್ವೆಗೆ ಬಂದಾಳೆ ಅಂದೆ. ದುರ್ಗದಿಂದ ಹೊರಟಿದ್ಲು, ಸ್ವಲ್ಪ ಲೇಟಾಯ್ತು ಅಂದೆ."

ಅಜ್ಜಿ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದರು. ಅರ್ಧ ಗಂಟೆಯ ಹಿಂದಷ್ಟೇ ತಮ್ಮ ಮನೆಯಲ್ಲಿ ನನಗೆ ಹೊಟ್ಟೆ ಬಿರಿಯುವಂತೆ ಉಣಿಸಿದ್ದನ್ನು ಮರೆತವರಂತೆ ಶಾಹೀನಳಿಗೆ ಏನೋ ಜೋರಾಗಿ ಹೇಳಿ, ನನ್ನ ಒದ್ದೆ ಕೈಯನ್ನು ತಮ್ಮ ತಲೆವಸ್ತ್ರದ ತುದಿಯಿಂದ ಒರೆಸಿದರು.

"ಹಂಗಾದ್ರೆ ಮದ್ವೆ ಊಟ ಇನ್ನೂ ಆಗಿಲ್ಲ, ಮೊದ್ಲು ಬಡಿಸು ಅಂತಿದಾರೆ" ಎಂದಳು ಶಾಹೀನ್. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, "ಊಟ ಆಯ್ತೇನೆ?"

"ಇಲ್ಲ" ಎಂದೆ.

ಅಡುಗೆಮನೆಯ ನೆಲದ ಮೇಲೇ ಕೂತೆ. ಶಾಹೀನ್ ತಟ್ಟೆ ಹಾಕಿ ಬಡಿಸಿದಳು.